ಹುರಿಹಿಟ್ಟಿನಲ್ಲಿ ಏನೇನಿದೆ

ನೂರು ಪೊಟ್ಟಣಗಳಲ್ಲಿ ಅರ್ಧಕ್ಕೆ ಚೀಟಿ ಅಂಟಿಸಿ ಮುಗಿಸಿದ್ದಳು ಶಾಂತಲಾ. ಹನ್ನೊಂದಕ್ಕೆ ಗುಬ್ಬಿಯಿಂದ ಹೊರಡುವ ಆಟೊದಲ್ಲಿ ಅವೆಲ್ಲ ತುಮಕೂರಿನ ಶಿವರಾಮಯ್ಯನವರ ಅಂಗಡಿ ಸೇರಬೇಕು. ಇಪ್ಪತ್ತು ವರ್ಷ ಮನೆಮಂದಿಗೆ, ನೆಂಟರಿಷ್ಟರಿಗೆ ಮಾಡಿಕೊಟ್ಟ ರಾಗಿ ಹುರಿಹಿಟ್ಟು ಅವಳ ಹೆಸರು ಹೊತ್ತು ಅಂಗಡಿಯಲ್ಲಿ ಕೂರುವುದು ಇದೇ ಮೊದಲು. ಪೋಷಕಾಂಶದ ವಿವರ ಇಲ್ಲದ ಮಾಲು ಇಡುವುದಿಲ್ಲವೆಂದು ಶಿವರಾಮಯ್ಯ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಕಾಗದದ ಕೆಲಸ ನಂಗೆ ಬಿಡು" ಎಂದ ಗಂಡ ಭಾನುಪ್ರಕಾಶ್ ಒಂದೇ ಸಂಜೆಯಲ್ಲಿ ಚೀಟಿ ಅಚ್ಚು ಹಾಕಿಸಿ ತಂದಿದ್ದ.

ಬೆರಳಿಗೆ ಮೆತ್ತಿದ ಗೋಂದು ಒರೆಸಿಕೊಳ್ಳುವಾಗ ಅವಳ ಕಣ್ಣು ಅಕ್ಷರದ ಮೇಲೆ ಬಿತ್ತು. ಕಚ್ಚಾ ಪ್ರೋಟೀನ್ ಇಪ್ಪತ್ತು ಪರ್ಸೆಂಟ್. ಇರಬಹುದು, ಹುರಿಗಡಲೆ ಹಾಕಿದ್ದೇನಲ್ಲ ಎಂದುಕೊಂಡಳು. ಮರಳು ಮತ್ತು ಸಿಲಿಕಾ ಮೂರು ಪರ್ಸೆಂಟ್ ಮೀರದಂತೆ. ಮರಳೇ? ನಾಲ್ಕು ಸಲ ಜರಡಿ ಹಿಡಿದಿದ್ದಳು. ಅದರ ಕೆಳಗೆ ಇನ್ನೊಂದು ಸಾಲು: ಗರ್ಭಿಣಿಯರಿಗೆ ಕೊನೆಯ ಎರಡು ತಿಂಗಳು ದಿನಕ್ಕೆ ಒಂದು ಕೆಜಿ ಹೆಚ್ಚಾಗಿ ಕೊಡಿ.

"ರೀ, ಇದನ್ನ ಎಲ್ಲಿಂದ ಬರ್ಕೊಂಡ್ರಿ?"

"ಕೊಟ್ಟಿಗೆಲಿ ಹೊಸ ಚೀಲ ಐತಲ್ಲ. ಅದ್ರ ಮೇಲೆ ಎಲ್ಲ ಅಚ್ಚುಕಟ್ಟಾಗಿ ಬರ್ದವ್ರೆ."

"ಹಸು ಹಿಂಡಿ ಚೀಲನಾ?"

"ಹಸು ಅಂತ ಇದ್ದ ಕಡೆಯೆಲ್ಲ ಬದಲಾಯ್ಸಿದೀನಿ ಕಣೇ. ನಾನೇನು ದಡ್ಡನಾ?"

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಹನುಮಂತಮ್ಮ ಮಗನ ಪರ ನಿಂತರು. "ಅದ್ರಾಗೇನು ತಪ್ಪು ಬುಡು. ಅದನ್ನ ತಿಂದು ನಮ್ಮ ಗೌರಿ ಹೊತ್ತಿಗೆ ಆರು ಲೀಟರ್ ಕೊಡ್ತಾವ್ಳೆ. ನೀನು ಐವತ್ತು ಚೀಟಿ ಅಂಟ್ಸಿ ಸುಸ್ತಾದೆ."

"ಬಸುರಿ ಹೆಂಗಸು ದಿನಕ್ಕೆ ಕೆಜಿ ಹಿಟ್ಟು ತಿಂತಾಳಾ ಅತ್ತೆ?"

"ಜಾಸ್ತಿ ತಿಂದ್ರೆ ಜಾಸ್ತಿ ಮಾರಾಟ" ಎಂದ ಭಾನುಪ್ರಕಾಶ್. "ಹೋಗ್ಲಿ, ನಿನ್ನ ಹಿಟ್ಟಲ್ಲಿ ಏನೇನು ಎಷ್ಟೆಷ್ಟೈತೆ, ನೀನೇ ಹೇಳು."

ಶಾಂತಲಾ ಬಾಯಿ ತೆರೆದಳು. ರಾಗಿ ಎಷ್ಟು ಹೊತ್ತು ನೆನೆಯಬೇಕು, ಮೊಳಕೆ ಎಷ್ಟುದ್ದ ಬಂದಾಗ ನೆರಳಲ್ಲಿ ಹರಡಬೇಕು, ಯಾವ ವಾಸನೆ ಎದ್ದಾಗ ಬಾಣಲೆ ಇಳಿಸಬೇಕು, ಎಲ್ಲ ಅವಳ ಕೈಗೆ ಗೊತ್ತು. ಪ್ರೋಟೀನು ಎಷ್ಟು, ಕ್ಯಾಲ್ಸಿಯಂ ಎಷ್ಟು, ಅದು ಮಾತ್ರ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಬೆಲ್ಲ ಕಮ್ಮಿಯಾಗಿದೆ ಎಂದವರೇ ಎಲ್ಲ.

"ನೋಡ್ದಾ? ಅದ್ಕೆಲ್ಲ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸ್ಬೇಕು. ಯಾರಿಗೆ ಬೇಕು ಆ ಉಸಾಬರಿ."

ಶಾಂತಲಾ ಒದ್ದೆ ಬಟ್ಟೆ ತಂದು ಒಂದೊಂದೇ ಚೀಟಿ ಕೀಳತೊಡಗಿದಳು. ನಡುವೆ ಅಂಗಡಿಗೆ ಫೋನ್ ಮಾಡಿ, "ಹತ್ತು ದಿನ ತಡ ಆಗುತ್ತೆ ಸಾರ್, ಚೀಟಿ ಸರಿಯಿಲ್ಲ" ಎಂದಳು. ಆ ಕಡೆಯಿಂದ ಬೈಗುಳವೇ ಬರುತ್ತದೆಂದು ಕಾದಿದ್ದವಳಿಗೆ, "ಆಗ್ಲಮ್ಮ, ಸರಿಯಾದ್ದೇ ಹಾಕಿ ಕಳ್ಸು" ಎಂಬ ಮಾತು ಬಂತು.

"ಚೀಟಿ ಕೀಳೋಕೆ ಹತ್ತು ದಿನ ಬೇಕಾ?" ಎಂದ ಭಾನುಪ್ರಕಾಶ್.

"ಗೋಂದು ಗಟ್ಟಿ ಐತೆ."

ಅಡುಗೆಮನೆಗೆ ಹೋಗಿ ಫೋನಿನಲ್ಲಿ ಹುಡುಕಿದಳು. ತುಮಕೂರಿನಲ್ಲಿ ಆಹಾರ ಪರೀಕ್ಷೆ ಮಾಡುವ ಒಂದು ಲ್ಯಾಬ್ ಸಿಕ್ಕಿತು. ಅಂಟಿಸದೆ ಉಳಿದ ಚೀಟಿಯೊಂದರ ಬೆನ್ನಿಗೆ ವಿಳಾಸ ಬರೆದುಕೊಂಡಳು. ಸ್ಟೀಲಿನ ಡಬ್ಬಿಗೆ ಹುರಿಹಿಟ್ಟು ತುಂಬಿ, ಮುಚ್ಚಳ ಒತ್ತಿ, ಕೈಚೀಲದ ತಳದಲ್ಲಿಟ್ಟು ಮೇಲೆ ಟವೆಲ್ ಮುಚ್ಚಿದಳು.

"ನಾಳೆ ತುಮಕೂರಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬರ್ತೀನಿ" ಎಂದಳು ಹೊರಗೆ ಬಂದು.

"ತೋರಿಸ್ಕೊ" ಎಂದ ಭಾನುಪ್ರಕಾಶ್. "ಕಣ್ಣು ಸರಿಯಿಲ್ದೋಳು ಅಷ್ಟು ಸಣ್ಣಕ್ಷರ ಯಾಕೆ ಓದೋಕ್ ಹೋದೆ?"