ಐದು ಲಕ್ಷ ಹತ್ತು ಸಾವಿರದ ಐನೂರ ಹನ್ನೊಂದು

ಐದನೇ ಮಹಡಿ ದಾಟಿದ ಲಿಫ್ಟ್ ಒಮ್ಮೆ ಕುಲುಕಿ ನಿಂತುಬಿಟ್ಟಿತು. ದೀಪ ಆರಿತು. ಒಳಗಿದ್ದವರು ಇಬ್ಬರೇ: ಕಚೇರಿಯಿಂದ ಮರಳುತ್ತಿದ್ದ ವಾಸಂತಿ ಮತ್ತು ಟ್ಯೂಷನ್ ಮುಗಿಸಿ ಬಂದ ಪಕ್ಕದ ಮನೆಯ ಹನ್ನೊಂದು ವರ್ಷದ ಸ್ಫೂರ್ತಿ. ಅಲಾರಂ ಒತ್ತಿದರೆ ಸದ್ದಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಉತ್ತರದ ಪೀತಮ್‌ಪುರದ ಜೂನ್ ಸೆಖೆಗೆ ಇಬ್ಬರೂ ಬೆವರತೊಡಗಿದರು.

"ಆಂಟಿ, ಹವಾ ಖತಮ್ ಆಗುತ್ತಾ?" ಹುಡುಗಿ ಏದುಸಿರು ಬಿಡುತ್ತಿದ್ದಳು.

"ಇಲ್ಲ ಪುಟ್ಟಾ, ಸಂದಿಯಿಂದ ಬರುತ್ತೆ." ವಾಸಂತಿ ಮೊಬೈಲಿನ ಬೆಳಕನ್ನು ಗೋಡೆಯತ್ತ ತಿರುಗಿಸಿದಳು. ತಗಡಿನ ಮೇಲೆ ಲಿಫ್ಟಿನ ನಂಬರು: 510511. "ಇದು ಪ್ರೈಮ್ ನಂಬರ್ ಹೌದೋ ಅಲ್ವೋ, ಭಾಗಿಸಿ ನೋಡೋಣ್ವಾ?"

ಎರಡು, ಮೂರು, ಐದು. ಪ್ರತಿ ಸಲವೂ ಒಂದು ಉಳಿಯಿತು. ಏಳಕ್ಕೂ ಒಂದು, ಹನ್ನೊಂದಕ್ಕೂ ಒಂದು. ಸ್ಫೂರ್ತಿಯ ಉಸಿರು ಹಿಡಿತಕ್ಕೆ ಬರುತ್ತಿತ್ತು. ಆಗ ಲಿಫ್ಟ್ ಗೇಣುದ್ದ ಕೆಳಗೆ ಜಾರಿತು. ಹುಡುಗಿ ಕಿರುಚಿ ವಾಸಂತಿಯ ಸೊಂಟ ಅವುಚಿಕೊಂಡಳು.

"ಹದಿಮೂರು ಹೇಳು," ಎಂದಳು ವಾಸಂತಿ.

"ಒಂದೇ ಉಳೀತು. ಹದಿನೇಳಕ್ಕೂ ಒಂದೇ. ಯಾಕೆ ಆಂಟಿ?"

"ಈ ಏಳು ಸಂಖ್ಯೆಗಳನ್ನೂ ಗುಣಿಸಿದರೆ ಎಷ್ಟು ಬರುತ್ತೋ, ಇದು ಅದಕ್ಕಿಂತ ಒಂದು ಜಾಸ್ತಿ. ಅದಕ್ಕೇ."

ಅಷ್ಟರಲ್ಲಿ ಕಿರುಚಿದ್ದು ಕೇಳಿ ಬಂದ ಗಾರ್ಡ್ ಕಿಶನ್ ಆರನೇ ಮಹಡಿಯಿಂದ ಬಾಗಿಲು ಮೀಟಿ ತೆರೆದ. ಲಿಫ್ಟಿನ ಚಾವಣಿಗೂ ಆ ಮಹಡಿಯ ನೆಲಕ್ಕೂ ನಡುವೆ ಒಂದೂವರೆ ಮೊಳದ ಕಿಂಡಿ ಕಂಡಿತು. "ಮೇಡಂ, ಪೆಹಲೇ ಬಚ್ಚಿ!" ವಾಸಂತಿ ಹುಡುಗಿಯನ್ನು ಎತ್ತಿಕೊಟ್ಟಳು. ಕಾಲುಗಳು ಮೇಲೆ ಮಾಯವಾದವೋ ಇಲ್ಲವೋ, ಲಿಫ್ಟ್ ಮತ್ತೆ ಜಾರಿತು. ಕಿಂಡಿ ಇನ್ನಷ್ಟು ಕಿರಿದಾಯಿತು.

ಮೈ ಅರ್ಧ ಹೊರಗಿರುವಾಗ ಜಾರಿದರೆ? ವಾಸಂತಿ ಮೂಲೆಗೆ ಒತ್ತಿಕೊಂಡು ನಿಂತಳು. "ನಾನು ಬರಲ್ಲ. ಮೆಕ್ಯಾನಿಕ್ ಬರಲಿ."

ಕಿಶನ್ ಎಷ್ಟು ಕರೆದರೂ ಅವಳು ಅಲುಗಲಿಲ್ಲ. ಸ್ಫೂರ್ತಿ ನೆಲಕ್ಕೆ ಬೋರಲು ಮಲಗಿ ಒಳಗೆ ಇಣುಕಿದಳು. "ಆಂಟಿ, ಹತ್ತೊಂಬತ್ತು ಬಾಕಿ ಇದೆ."

"ತಲೆ ಓಡ್ತಿಲ್ಲ ಪುಟ್ಟಾ."

"ನಾನು ಹೇಳ್ತೀನಿ, ಚಲೋ. ಐವತ್ತೊಂದರಲ್ಲಿ ಎರಡು ಸಲ. ಎಷ್ಟು ಉಳೀತು?"

"ಹದಿಮೂರು."

"ಕೈ ಕೊಡಿ. ನೂರ ಮೂವತ್ತರಲ್ಲಿ?"

"ಆರು. ಹದಿನಾರು ಉಳೀತು." ವಾಸಂತಿ ಮೂಲೆ ಬಿಟ್ಟು ಬಂದು ಅವಳ ಕೈ ಹಿಡಿದಳು, ಪಕ್ಕದ ಹಿಡಿಕಂಬಿಯ ಮೇಲೆ ಕಾಲಿಟ್ಟಳು.

"ನೂರ ಅರವತ್ತೈದು?"

"ಎಂಟು... ಮತ್ತೆ ಹದಿಮೂರು." ಕಿಶನ್ ಅವಳ ರಟ್ಟೆ ಹಿಡಿದ. ಅವಳ ಎದೆ ಅಂಚಿಗೆ ಉಜ್ಜಿತು.

"ನೂರ ಮೂವತ್ತೊಂದು?"

"ಆರು. ಹದಿನೇಳು." ಸೊಂಟ ಕಿಂಡಿಯಲ್ಲಿ ಸಿಕ್ಕಿಕೊಂಡಿತು. ಚಾವಣಿ ಬೆನ್ನಿಗೆ ತಾಗುತ್ತಿತ್ತು. ಕೇಬಲ್ ಎಲ್ಲೋ ಮೇಲೆ ಕಿರ್ರೆಂದಿತು.

"ಲಾಸ್ಟ್, ಆಂಟಿ! ನೂರ ಎಪ್ಪತ್ತೊಂದು!"

"ಒಂಬತ್ತು!"

ಕಿಶನ್ ಜೋರಾಗಿ ಎಳೆದ. ಖಾಲಿ ಲಿಫ್ಟ್ ಗೋಡೆಗೆ ಉಜ್ಜುತ್ತ ಕೆಳಗೆ ಹೋಯಿತು. ಬಹಳ ಹೊತ್ತಿನ ಮೇಲೆ ತಳದಿಂದ ಸದ್ದು ಬಂತು.

"ಎಷ್ಟು ಉಳೀತು?" ಎಂದಳು ಸ್ಫೂರ್ತಿ, ಅವಳ ಕೈ ಬಿಡದೆ.

ತಣ್ಣನೆಯ ಟೈಲ್ಸಿಗೆ ಕೆನ್ನೆಯಿಟ್ಟು ಮಲಗಿದ್ದ ವಾಸಂತಿ ತನ್ನ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಏನೂ ಉಳೀಲಿಲ್ಲ."