ಭಾವನ ಧೂಳು

ಶನಿವಾರ ರಾತ್ರಿ ಗುಡ್ಡದ ಕಚ್ಚಾದಾರಿಯಲ್ಲಿ ಪಂದ್ಯ ಕಟ್ಟಿ ಬೈಕ್ ಓಡಿಸುವಾಗೆಲ್ಲ ಮುಂದೆ ಹಾರುವ ಭಾವನ ಧೂಳು ಕುಡಿದು ಕುಡಿದು ಇವನಿಗೆ ರೋಸಿಹೋಗಿತ್ತು. ಹೆಡ್‌ಲೈಟಿನ ಬಲ್ಬು ಬದಲಿಸಿದ, ಭಾವನೇ ಮುಂದೆ. ಎಲ್‌ಇಡಿ ಹಾಕಿಸಿದ, ಭಾವ ಇನ್ನೂ ಜೋರಾಗಿ ಮುಂದೆ.

“ಲೈಟಿದ್ರೆ ಸಾಲದು ಕಣೋ, ಗುಂಡಿಗೆ ಬೇಕು,” ಎಂದು ಭಾವ ಪ್ರತಿಸಲವೂ ನಗುತ್ತಿದ್ದ.

ಈ ವಾರ ಹಲ್ಲು ಕಚ್ಚಿ, ಹಗಲನ್ನೇ ನಾಚಿಸುವಂಥ ಜೋಡಿ ದೀಪ ಕೂರಿಸಿಕೊಂಡು ಬಂದ. ಭಾವ ಗಾಳಿಯಂತೆ ಹಾರಿದ.

“ಥೂ, ಇವತ್ತೂ ಇಷ್ಟೇನಾ!” ಎಂದು ಇವನು ಆಕ್ಸಿಲರೇಟರ್ ತಿರುಚುತ್ತಿದ್ದಂತೆ, ಹೊಸ ದೀಪಗಳ ಲೋಡು ತಾಳದೆ ಫ್ಯೂಸ್ ಹಾರಿ ಎಲ್ಲ ಕತ್ತಲಾಯಿತು. ಬ್ರೇಕ್ ಒತ್ತಿ ನಿಂತ. ಮುಂದೆ ಪೊದೆಯೊಳಗೆ ದಢಾರೆಂದು ಸದ್ದಾಯಿತು.

“ಭಾವಾ! ಏನಾಯ್ತು?”

“ಲೈಟ್ ಯಾಕೋ ಆರಿಸ್ದೆ, ಮುಂಡೇದೇ? ನಂದು ಕೆಟ್ಟು ವರ್ಷ ಆಯ್ತು!”