ಕರಿಯನ ಶನಿವಾರ

"ಭಾನುವಾರ ಹತ್ತು ಗಂಟೆಗೆ ವ್ಯಾನ್ ಬರುತ್ತೆ" ಎಂದು ನಾಯಿಗಳ ಆಶ್ರಮದವನು ಹಿಂದಿಯಲ್ಲಿ ಹೇಳಿ ಫೋನಿಟ್ಟ. ಹಂಸಿನಿ ಕರಿಯನನ್ನು ನೋಡಿದಳು. ಅವನು ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು ಮತ್ತೆ ನಿದ್ದೆಗೆ ಜಾರಿದ. ಆ ಆಶ್ರಮದಲ್ಲಿ ಒಂದೇ ಶೆಡ್ಡಿನೊಳಗೆ ನೂರಿಪ್ಪತ್ತು ನಾಯಿಗಳಿದ್ದವು. ಹದಿನಾಲ್ಕು ವರ್ಷದ ಮುದುಕ ಅಲ್ಲಿ ಒಂದು ವಾರವೂ ಬಾಳುವುದು ಅನುಮಾನ.

ಬೇರೆ ದಾರಿಯೂ ಇರಲಿಲ್ಲ. ದಿಲ್ಲಿಯ ಓಖ್ಲಾದ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾದ ಮುರಳೀಧರ ಚಿಕ್ಕಪ್ಪ ತೀರಿಕೊಂಡು ಹತ್ತು ದಿನವಾಗಿತ್ತು. ಪೀತಮ್‌ಪುರದ ಈ ಬಾಡಿಗೆ ಮನೆಯ ಬೀಗದ ಕೈಯನ್ನು ಭಾನುವಾರ ಸಂಜೆಯೊಳಗೆ ಒಪ್ಪಿಸಬೇಕು. ಹಂಸಿನಿ ಇರುವುದು ಗುರುಗ್ರಾಮದ ಪೀಜಿಯಲ್ಲಿ. ಅಲ್ಲಿ ಹಲ್ಲಿ ಬರಬೇಕಾದರೂ ಮಾಲೀಕಳ ಅಪ್ಪಣೆ ಬೇಕು.

ಆಸ್ಪತ್ರೆಯ ಮಂಚದ ಮೇಲೆ ಚಿಕ್ಕಪ್ಪ ತಮ್ಮ ಬೋಳುತಲೆ ಸವರಿಕೊಳ್ಳುತ್ತ ಹೇಳಿದ್ದರು: "ಕರಿಯನ್ನ ಬೀದಿಪಾಲು ಮಾಡಬೇಡ ಮಗಳೇ. ಸ್ನಾನ ಗೀನ ಮಾಡಿಸೋಕೆ ಹೋಗಬೇಡ. ಒಂದು ಶನಿವಾರ ತಡಿ, ಎಲ್ಲಾ ಸರಿಹೋಗುತ್ತೆ." ಜ್ವರದ ಮಾತು ಎಂದುಕೊಂಡು ಅವಳು ತಲೆಯಾಡಿಸಿದ್ದಳು. ಆಮೇಲೆ ಬಂದ ಶನಿವಾರ ಅವಳು ಅಸ್ಥಿಯ ಗಂಟು ಹಿಡಿದು ಹರಿದ್ವಾರದಲ್ಲಿದ್ದಳು.

ಆಗ ಕರಿಯನನ್ನು ನೋಡಿಕೊಂಡಿದ್ದು ಕೆಳಮನೆಯ ರತ್ನಾ ಆಂಟಿ. ಹಾಸನದವರು, ಪಂಜಾಬಿ ಖುರಾನಾರನ್ನು ಮದುವೆಯಾಗಿ ಮೂವತ್ತು ವರ್ಷವಾಗಿತ್ತು. ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದರಿಂದ ಬೆರಳ ತುದಿ ಸದಾ ಕಪ್ಪು. ಅವರ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಕರಿಯ ಎದ್ದು ಕೂತು, ಕತ್ತು ಚಾಚಿ, ಕಣ್ಣು ಮುಚ್ಚಿಬಿಡುತ್ತಿದ್ದ. ಪ್ರೀತಿ ಅಂದರೆ ಇದು ಎಂದು ಹಂಸಿನಿಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಅವರನ್ನೂ ಕೇಳಿ ನೋಡಿದ್ದಳು.

"ನನಗೇನೋ ಆಸೆನೇ ಕಣೇ. ಆದ್ರೆ ನಮ್ಮ ಖುರಾನಾ ಸಾಹೇಬರು ನಾಯಿಯನ್ನ ಹೊಸ್ತಿಲು ದಾಟಿಸೋದಿಲ್ಲ. ನಾನಾಗಿ ಕೇಳಿದ್ರೆ ಕಥೆ ಮುಗೀತು. ಇರು, ಶನಿವಾರ ಬರಲಿ."

ಶನಿವಾರ ಬಂತು. ಬೆಳಿಗ್ಗೆ ಏಳಕ್ಕೇ ಕರೆಗಂಟೆ. ಬಾಗಿಲಲ್ಲಿ ಸೊಸೈಟಿಯ ಕಾರ್ಯದರ್ಶಿ ತ್ಯಾಗಿ. ಮುದಿನಾಯಿಯಿಂದ ಮೆಟ್ಟಿಲು ಗಲೀಜಾಗುತ್ತದೆಂದು ಹೋದ ತಿಂಗಳು ನೋಟಿಸ್ ಕಳಿಸಿದ್ದ ಮಹಾಶಯ. ಈಗ ಕೈಯಲ್ಲಿ ಸಾಸಿವೆ ಎಣ್ಣೆ ಸವರಿದ ರೊಟ್ಟಿ, ಮುಖದಲ್ಲಿ ಭಕ್ತಿ. ಅವರ ಬೆನ್ನಿಗೇ ಖುರಾನಾ ಸಾಹೇಬರು, ಎರಡು ರೊಟ್ಟಿ ಹಿಡಿದು.

ಹಂಸಿನಿಗೆ ಆಗ ಹೊಳೆಯಿತು. ನಮ್ಮೂರಲ್ಲಿ ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚುತ್ತಾರೆ. ದಿಲ್ಲಿಯಲ್ಲಿ ಕರಿನಾಯಿಗೆ ರೊಟ್ಟಿ ತಿನ್ನಿಸುತ್ತಾರೆ. ಕರಿಯನ ಕಣ್ಣಿಗೆ ಪೊರೆ ಬಂದಿತ್ತು, ಬಾಯಲ್ಲಿ ನಾಲ್ಕೇ ಹಲ್ಲು ಉಳಿದಿದ್ದವು, ಮೈ ಮಾತ್ರ ಕಾಡಿಗೆಯಂತೆ ಮಿರಮಿರ ಮಿಂಚುತ್ತಿತ್ತು.

"ಇದೇ ಕೊನೇ ಶನಿವಾರ ಅಂಕಲ್" ಎಂದಳು ಹಿಂದಿಯಲ್ಲಿ, ಮುಖ ಸಪ್ಪಗೆ ಮಾಡಿ. "ಗಾಜಿಯಾಬಾದಿನ ಒಬ್ಬ ಜ್ಯೋತಿಷಿ ನಾಳೆ ಇವನನ್ನು ಕರೆದೊಯ್ಯುತ್ತಾರೆ. ಇಂಥ ಶುದ್ಧ ಕರಿನಾಯಿ ಸಿಗುವುದೇ ಇಲ್ಲವಂತೆ."

ತ್ಯಾಗಿಗೆ ಏಳೂವರೆ ವರ್ಷದ ಶನಿಯಲ್ಲಿ ಇನ್ನೂ ಎರಡೂವರೆ ಬಾಕಿ. ಅವರು ತಕ್ಷಣ ಮೊಬೈಲಿನ ಟಾರ್ಚ್ ಹೊತ್ತಿಸಿ, ಮೂತಿಯಿಂದ ಬಾಲದವರೆಗೆ ಕೂದಲು ಬಿಡಿಸಿ ಬಿಡಿಸಿ ನೋಡಿದರು.

"ಒಂದು ಬಿಳಿ ಕೂದಲಿದ್ದರೂ ಫಲವಿಲ್ಲ ಅಂದಿದ್ದಾರೆ ಪಂಡಿತ್‌ಜಿ. ಇದರಲ್ಲಿ ಒಂದೂ ಇಲ್ಲ! ಬೇಟಾ, ಇದು ನಮ್ಮ ಮನೆಗೆ."

"ನಿಮ್ಮದು ನಾಲ್ಕನೇ ಮಹಡಿ! ಮುದಿಪ್ರಾಣಿ ಮೆಟ್ಟಿಲು ಹತ್ತಬೇಕಾ?" ಎಂದರು ಖುರಾನಾ. ಈ ರೊಟ್ಟಿ ಶುರುವಾದ ಮೇಲೆ ಕರೋಲ್ ಬಾಗ್‌ನ ತಮ್ಮ ಸೀರೆ ಅಂಗಡಿ ನಷ್ಟ ಕಂಡಿಲ್ಲವೆಂಬುದು ಅವರ ನಂಬಿಕೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಖುರಾನಾ ಸಾಹೇಬರು ಇಪ್ಪತ್ತು ಕಿಲೋ ಕರಿಯನನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲಿಳಿದೇ ಬಿಟ್ಟರು. ಹಂಸಿನಿ ವ್ಯಾನಿನವನಿಗೆ ಬೇಡವೆಂದು ಫೋನ್ ಮಾಡಿದಳು. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಿದೆ ಎಂದು ಬೀಗಿದಳು.

ಬೀಗಿದ್ದು ಮಧ್ಯಾಹ್ನದವರೆಗೆ ಮಾತ್ರ. ಬಚ್ಚಲುಮನೆ ತೊಳೆಯುವಾಗ ಬಕೆಟ್ಟಿನ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಹನ್ನೊಂದು ಪ್ಯಾಕೆಟ್ ಕಪ್ಪು ಮೆಹಂದಿ, ಒಂದು ಬ್ರಷ್ಷು, ಮಸಿಯಾದ ಹಳೇ ಟವೆಲು. ಚಿಕ್ಕಪ್ಪನ ತಲೆಯಲ್ಲಿ ಇಪ್ಪತ್ತು ವರ್ಷದಿಂದ ಒಂದು ಕೂದಲೂ ಇರಲಿಲ್ಲ.

ಅಂದರೆ ಇದು ಕರಿಯನ ಮೈಗೆ ಹಚ್ಚುತ್ತಿದ್ದ ಬಣ್ಣ. ಇನ್ನು ಮೂರು ವಾರದಲ್ಲಿ ಕೂದಲ ಬುಡ ಬೆಳ್ಳಗಾಗುತ್ತದೆ. ತ್ಯಾಗಿ ಟಾರ್ಚ್ ಹಿಡಿದು ಬರುತ್ತಾರೆ. ಎತ್ತಿಕೊಂಡು ಹೋದ ಖುರಾನಾ ಸಾಹೇಬರೇ ಕರಿಯನನ್ನು ಬೀದಿಗೆ ಎಸೆಯುತ್ತಾರೆ. ಚಿಕ್ಕಪ್ಪನಿಗೆ ಕೊಟ್ಟ ಮಾತು ಮಣ್ಣುಪಾಲು. ಆಂಟಿಯ ಕಾಲಾದರೂ ಹಿಡಿಯೋಣವೆಂದು ಡಬ್ಬಿಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಕೆಳಗೆ ಓಡಿದಳು.

ಖುರಾನಾ ಸಾಹೇಬರು ಅಂಗಡಿಗೆ ಹೋಗುವುದನ್ನೂ ಮರೆತು, ನಡುಮನೆಯಲ್ಲಿ ತಮ್ಮದೇ ರಜಾಯಿ ಮಡಚಿ ಕರಿಯನಿಗೆ ಹಾಸುತ್ತಿದ್ದರು. ರತ್ನಾ ಆಂಟಿ ಹಂಸಿನಿಯನ್ನು ಪಾರ್ಲರಿನೊಳಕ್ಕೆ ಎಳೆದು, ಹಿಂದೆಯೇ ಕುಂಟುತ್ತ ಬಂದ ಕರಿಯನನ್ನೂ ಒಳಗೆ ಸೇರಿಸಿಕೊಂಡು ಚಿಲಕ ಹಾಕಿದರು.

"ಆಂಟಿ, ಒಂದು ತಪ್ಪಾಗಿದೆ..." ಎಂದು ಅವಳು ಡಬ್ಬಿ ಹೊರತೆಗೆದಳು.

ಗಿರಾಕಿಗಳ ಕುರ್ಚಿಯ ಪಕ್ಕದಲ್ಲಿ ಕರಿಯ ಅಭ್ಯಾಸಬಲದಿಂದ ಕೂತು, ಕತ್ತು ಚಾಚಿ, ಕಣ್ಣು ಮುಚ್ಚಿದ.

"ಅಬ್ಬಾ, ತಂದೆಯಾ? ಎಲ್ಲಿ ಕಸಕ್ಕೆ ಹಾಕ್ತೀಯೋ ಅಂತ ಜೀವ ಬಾಯಿಗೆ ಬಂದಿತ್ತು" ಎಂದರು ಆಂಟಿ, ಡಬ್ಬಿಯನ್ನು ಶಾಂಪೂ ಬಾಟಲಿಗಳ ಹಿಂದೆ ಸೇರಿಸುತ್ತ. "ಸಾಹೇಬರು ತಾವಾಗೇ ಇವನನ್ನ ಎತ್ಕೊಂಡು ಮನೆಗೆ ತರಲಿ ಅಂತ ನಾನೂ ನಿಮ್ಮ ಚಿಕ್ಕಪ್ಪನೂ ಮೂರು ವರ್ಷ ಮೆಹಂದಿ ಹಚ್ಚಿದ್ದೀವಿ ಕಣೇ."